ಏರಿಯಲ್ ಬುಡದ ಕಿಲುಬು

ನಮ್ಮ ಮೊಮ್ಮಗಳು ಸಿಂಚನ ನಿನ್ನೆ ಸಾಯಂಕಾಲ ರೇಡಿಯೊದಲ್ಲಿ ಮಾತಾಡಿದಳು! ಯಾರೋ ಕೇಳಿದ್ದಕ್ಕೆ ಒಂದು ಮಾತು ಉತ್ತರ ಕೊಟ್ಟದ್ದಲ್ಲ. ಪೂರ್ತಿ ಕಾರ್ಯಕ್ರಮವೇ ಅವಳದು. ಶುರುವಿನ ನಮಸ್ಕಾರದಿಂದ ಕೊನೆಯ ನಮಸ್ಕಾರದವರೆಗೆ ಅವಳೊಬ್ಬಳದೇ ಗಂಟಲು. ನಾವು ಮನೆಮಂದಿಯೆಲ್ಲ ಕೆರೆ ಏರಿಯ ಮೇಲೆ ಕಾರು ನಿಲ್ಲಿಸಿಕೊಂಡು, ನಾಲ್ಕೂ ಬಾಗಿಲು ತೆಗೆದುಕೊಂಡು, ಒಂದಕ್ಷರ ಬಿಡದೆ ಕೇಳಿದೆವು. ಈ ಸುದ್ದಿಯನ್ನು ಮೊದಲು ಹೇಳಿಬಿಡಬೇಕು. ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಬೇರೆ ಮಾತು ಆಡುವುದು ನನ್ನ ಕೈಲಾಗದ ಕೆಲಸ.

ಇವತ್ತು ಬೆಳಿಗ್ಗೆ ಮುಖ ತೊಳೆಯುವಾಗ ಬೆರಳಿನಿಂದ ಹುಣಸೆಹಣ್ಣಿನ ಹುಳಿ ವಾಸನೆ ಬಂತು. ಅದರ ಅಡಿಯಲ್ಲಿ ಕಿಲುಬಿನ ವಾಸನೆ. ಸೋಪು ಹಾಕಿ ಉಜ್ಜಿದರೂ ಹೋಗಿರಲಿಲ್ಲ. ದೀಪದ ಕಂಬ, ಹಿತ್ತಾಳೆ ಚೊಂಬು ಬೆಳಗಿದಾಗ ಬರುವ ವಾಸನೆಯೇ ಅದು. ಆದರೆ ನಾನು ನಿನ್ನೆ ಬೆಳಗಿದ್ದು ಚೊಂಬನ್ನಲ್ಲ, ಕಾರಿನ ಏರಿಯಲ್, ಅಂದರೆ ರೇಡಿಯೊಗೆ ಮಾತು ಹಿಡಿದುಕೊಡುವ ಕಡ್ಡಿಯ ಬುಡವನ್ನು. ನನ್ನ ಆಯುಷ್ಯದಲ್ಲಿ ಎರಡನೇ ಸಲ. ಮೊದಲನೇ ಸಲ ಬೆಳಗಿಸಿದವರು ನಮ್ಮ ಪಕ್ಕದ ತೋಟದ ಮಾವ... ಬೆರಳು ಮೂಸಿಕೊಂಡು ಬಚ್ಚಲಲ್ಲಿ ಹಾಗೇ ನಿಂತುಬಿಟ್ಟೆ.

ಮಾವ ಎಂದರೆ ಸಂಬಂಧದಲ್ಲಿ ಮಾವನಲ್ಲ. ನಾನು ಹಂದನಕೆರೆ ಕಡೆಯಿಂದ ದಬ್ಬೇಘಟ್ಟದ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದಾಗ ನಮ್ಮ ತೋಟಕ್ಕೂ ಅವರ ತೋಟಕ್ಕೂ ನಡುವೆ ಒಂದು ಕತ್ತಾಳೆ ಬೇಲಿ ಇತ್ತು. ಬೇಲಿಯ ಆಚೆಯಿಂದ ಹಗಲೆಲ್ಲ ಅವರ ಗಂಟಲು ಕೇಳುತ್ತಿತ್ತು. ಸಣ್ಣ ಮಾತು ಅವರಿಗೆ ಬರುತ್ತಲೇ ಇರಲಿಲ್ಲ. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಸ್ಕ್ರೂಡ್ರೈವರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನಲ್ಲಿ ತನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎನ್ನುವ ಹಾಗೆ ಮಾತಾಡುತ್ತಿದ್ದರು. ಅದರಲ್ಲಿ ಅರ್ಧಕ್ಕರ್ಧ ತಪ್ಪಾಗಿರುತ್ತಿತ್ತು. ತಪ್ಪು ಎಂದು ಗೊತ್ತಾದ ಮೇಲೂ ಅದೇ ಗಂಟಲಿನಲ್ಲಿ ಮಾತಾಡುತ್ತಿದ್ದರು.

ನಮ್ಮ ಸುತ್ತಿನಲ್ಲಿ ಆಗ ಕಾರು ಇದ್ದದ್ದು ಅವರೊಬ್ಬರಿಗೇ. ಮೊಸರಿನ ಬಣ್ಣದ ಕಾರು. ಅದರೊಳಗೆ ಕಂಪನಿಯವರೇ ಕೂರಿಸಿ ಕಳಿಸಿದ ರೇಡಿಯೊ.

"ಅಂಗಡೀಲಿ ಹಾಕ್ಸಿದ್ದಲ್ಲ ಕಣಯ್ಯಾ, ಕಾರಿನ ಜೊತೇಲೇ ಹುಟ್ಟಿದ್ದು," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಭಾನುವಾರ ಮಧ್ಯಾಹ್ನ ರೇಡಿಯೊದಲ್ಲಿ ನಾಟಕ ಬರುತ್ತಿತ್ತು. ಮಾವ ಕಾರನ್ನು ಹುಣಸೆ ಮರದ ನೆರಳಿಗೆ ತಂದು ನಿಲ್ಲಿಸಿ, ಬಾಗಿಲು ತೆಗೆದು, ರೇಡಿಯೊ ಹಾಕುತ್ತಿದ್ದರು. ಕಾರಿನ ಸುತ್ತ ಚಾಪೆ ಹಾಸಿಕೊಂಡು ನಾವೆಲ್ಲ ಕೂರುತ್ತಿದ್ದೆವು. ಊರಿಗೆ ಹೊಸಬಳಾದ ನನಗೆ ವಾರದಲ್ಲಿ ಅದೊಂದೇ ಖುಷಿ. ರೇಡಿಯೊದವನ ಮಾತು ಕೇಳುತ್ತಿದ್ದರೆ, ಇದೇ ಮಾತು ಹಂದನಕೆರೆಯಲ್ಲಿ ನಮ್ಮವ್ವನಿಗೂ ಕೇಳುತ್ತಿರಬಹುದು ಎನ್ನಿಸುತ್ತಿತ್ತು. ನಮ್ಮವ್ವನ ಊರಿನಲ್ಲಿ ರೇಡಿಯೊ ಇತ್ತೋ ಇಲ್ಲವೋ ಎಂದು ಯೋಚನೆ ಮಾಡುವ ಬುದ್ಧಿ ಆಗ ಇರಲಿಲ್ಲ.

ಆಯುಧಪೂಜೆಯಲ್ಲಿ ಎಲ್ಲರೂ ಗಾಡಿಗೆ ನೀರು ಹುಯ್ದು ತೊಳೆದರೆ ಮಾವ ಎಳನೀರು ಹುಯ್ದು ತೊಳೆಯುತ್ತಿದ್ದರು. ಒಂದಲ್ಲ ಎರಡಲ್ಲ, ಇಡೀ ಗೊನೆ. ಕೊಚ್ಚಿ ಕೊಚ್ಚಿ ಕಾರಿನ ನೆತ್ತಿಯಿಂದ ಸುರಿಯುವುದು. ಯಾರಾದರೂ ದಂಡ ಎಂದರೆ ಬೈಗುಳ ಸಿದ್ಧವಾಗಿರುತ್ತಿತ್ತು.

"ಈ ಕಾರು ಕೊಡ್ಸಿದ್ದು ಯಾರ್ಲಾ? ತೆಂಗಿನ ಮರ. ಅದಕ್ಕೆ ಬಾವಿ ನೀರು ಹುಯ್ಯಕ್ಕೆ ನಂಗೇನು ದರಿದ್ರ ಬಂದೈತಾ?"

ಒಂದು ವರ್ಷ ಹಬ್ಬ ಕಳೆದ ಮೇಲೆ ರೇಡಿಯೊದಲ್ಲಿ ಕರಕರ ಶುರುವಾಯಿತು. ಮೊದಲು ಸಣ್ಣಗೆ. ಆಮೇಲೆ ವಾರದಿಂದ ವಾರಕ್ಕೆ ಜಾಸ್ತಿ. ಕೊನೆಗೆ ಚಾಪೆಯ ಮೇಲಿನವರು, "ನಾಟ್ಕದಲ್ಲಿ ರಾಜ ಮಾತಾಡ್ತವ್ನೋ, ಯಾರೋ ಕಡ್ಲೆ ಹುರೀತಾವ್ರೋ?" ಎಂದು ನಗುವಷ್ಟಾಯಿತು. ಮಾವ ರೇಡಿಯೊಗೆ ಗುದ್ದಿದರು. ಬಯ್ದರು. ಬಿಚ್ಚಿಸಿ ತಿಪಟೂರಿನ ಅಂಗಡಿಗೆ ಕಳಿಸಿದರು. ಅಂಗಡಿಯವನು ರೇಡಿಯೊ ಚೆನ್ನಾಗಿಯೇ ಇದೆ ಎಂದು ವಾಪಸು ಕಳಿಸಿದ. ಮತ್ತೆ ಕೂರಿಸಿದರೆ ಮತ್ತೆ ಕರಕರ.

ಆಗ ಮಾವ ಬೇಲಿಯ ಹತ್ತಿರ ಬಂದು ನಮ್ಮ ಅತ್ತೆಯನ್ನು ಕೂಗಿದರು. "ಅಮ್ಮಣ್ಣೀ, ನಿನ್ನ ಸೊಸೇನ ಒಂದು ಗಳಿಗೆ ಕಳ್ಸು. ಕಾಯಿ ಆರಿಸೋ ಕಿವಿ ಬೇಕಾಗೈತೆ."

ನಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟುಕೊಂಡಾಗ, ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಇನ್ನೂ ನೀರಿದ್ದರೆ ಗುಳುಗುಳು. ಕೆಟ್ಟಿದ್ದರೆ ಅದರ ಸದ್ದೇ ಬೇರೆ. ಮದುವೆಯಾಗಿ ಬಂದವಳೇ ನಾನು ಆ ಅಟ್ಟ ಹತ್ತಿದ್ದೆ. ನಾನು ಆರಿಸಿ ಕೆಳಗಿಳಿಸಿದ ಕಾಯಿ ಒಡೆದಾಗ ಒಳಗೆ ತಪ್ಪು ಇರುತ್ತಿರಲಿಲ್ಲ ಎನ್ನುವುದು ಬೇಲಿಯಾಚೆಗೂ ಗೊತ್ತಾಗಿತ್ತು.

ಅತ್ತೆಗೆ ಮಾತ್ರ ಇದು ಸರಿ ಬರಲಿಲ್ಲ. "ಯಾಕೆ, ಕಾರಲ್ಲಿ ಕೂತ್ಕಂಡು ತಿರುಗಕ್ಕಾ?"

"ಕಾರು ಎಲ್ಲೂ ಹೋಗಕಿಲ್ಲ ಕಣಮ್ಮ. ನಿಂತಿರ್ತೈತೆ."

"ನಿಂತಿರೋ ಕಾರಲ್ಲಿ ಕೂರೋದು ಇನ್ನೂ ಕೆಟ್ಟದ್ದು!"

ಆದರೂ ಕಳಿಸಿದರು. ತಾವೂ ಬಂದು ಎದುರಿಗೆ ಒಗೆಯುವ ಕಲ್ಲಿನ ಮೇಲೆ ಕಾವಲು ಕೂತರು. ನಾನು ತಲೆ ತುಂಬ ಸೆರಗು ಹೊದ್ದು ಕಾರಿನ ಮುಂದಿನ ಸೀಟಿನಲ್ಲಿ ಕೂತೆ. ಜೀವಮಾನದಲ್ಲಿ ಮೊದಲ ಸಲ. ಮಾವ ಎಂಜಿನ್ ಹಾಕುವುದು, ಆರಿಸುವುದು, ದೀಪ ಹಾಕುವುದು, ಆರಿಸುವುದು ಶುರು ಮಾಡಿದರು.

"ಈಗ?"

"ಅದೇ ಐತೆ ಮಾವ."

"ಈಗ್ಲೋ?"

"ಒಂಚೂರೂ ಕಮ್ಮಿಯಾಗಿಲ್ಲ."

"ನೀನೇನಾರ ಬೇಗ ಮನೆಗೆ ಹೋಗೋಣ ಅಂತ ಏನೋ ಒಂದು ಹೇಳ್ಬ್ಯಾಡ. ಒಂದೊಂದೇ ಆರಿಸ್ತೀನಿ, ಒಂದೊಂದ್ಕೂ ಕಿವಿ ಕೊಡು. ಎಲ್ಲಾನೂ ಒಟ್ಟಿಗೆ ಆರಿಸ್ಬುಟ್ರೆ ಕಳ್ಳ ಯಾವನು ಅಂತ ಗೊತ್ತಾಗಕಿಲ್ಲ. ಎಲ್ಲಿಂದ ಬತ್ತೈತೆ ಅಂತ ಆಮೇಲೆ ಹುಡುಕಾನ. ಯಾವಾಗ ಬತ್ತೈತೆ ಅಂತ ಮೊದ್ಲು ಹೇಳು."

ಎಲ್ಲ ಆರಿಸಿ ನೋಡಿಯಾಯಿತು. ಕರಕರ ನಿಲ್ಲಲಿಲ್ಲ. ಸೋತುಹೋದ ಮಾವ ಸೊಂಟ ನೋವೆಂದು ಕಾರಿನ ಮೂತಿಗೆ ಒರಗಿಕೊಂಡರು. ಅಲ್ಲೇ ಏರಿಯಲ್ಲಿನ ಕಡ್ಡಿ ಇತ್ತು. ಅವರ ತೋಳು ಅದಕ್ಕೆ ತಾಗಿದ್ದೇ ರೇಡಿಯೊ ಬಾಣಲೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಎಂದಿತು.

"ಅಲ್ಲೇ ಮಾವ! ಈಗ ಮುಟ್ಟಿದ್ರಲ್ಲ, ಅಲ್ಲೇ!" ಎಂದು ಕೂಗಿಬಿಟ್ಟೆ. ಸೆರಗು ಜಾರಿದ್ದೂ ಗೊತ್ತಾಗಲಿಲ್ಲ.

ಮಾವ ಜೇಬಿನ ಸ್ಕ್ರೂಡ್ರೈವರು ತೆಗೆದು ಕಡ್ಡಿ ಬಿಚ್ಚಿದರು. ಬುಡದಲ್ಲಿ ಹಸಿರು ಕಿಲುಬು ಹತ್ತಿತ್ತು. ಅದರ ಸುತ್ತ ಬೆಲ್ಲದ ಪಾಕದ ಹಾಗೆ ಅಂಟು. ಮೂಗಿನ ಹತ್ತಿರ ಹಿಡಿದರೆ ಹಳಸಿದ ಎಳನೀರಿನ ವಾಸನೆ. ವರ್ಷ ವರ್ಷವೂ ನೆತ್ತಿಯಿಂದ ಸುರಿದದ್ದೆಲ್ಲ ಅಲ್ಲಿ ಹೋಗಿ ಕೂತಿತ್ತು. ಮಾವ ಆ ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

ಕಲ್ಲಿನ ಮೇಲಿಂದ ನಮ್ಮತ್ತೆ ಬಿಡಲಿಲ್ಲ. "ಎಳನೀರು ತಂಪು ಕಣಪ್ಪ. ಅಷ್ಟೊಂದು ಕುಡಿಸಿದ್ರೆ ನೆಗಡಿಯಾಗದೆ ಇನ್ನೇನಾದಾತು?"

ಮಾವ ನಕ್ಕರು ನೋಡಿ... ಅಂಥ ನಗು. ತೋಟದ ಆ ಕೊನೆಯಲ್ಲಿದ್ದ ಆಳುಗಳು ಏನಾಯಿತೋ ಎಂದು ಓಡಿಬಂದರು. ಆಮೇಲೆ ಮನೆಯಿಂದ ಹುಣಸೆಹಣ್ಣು, ಉಪ್ಪು ತರಿಸಿ ನನ್ನ ಕೈಗೆ ಕೊಟ್ಟರು. ನಾನು ಪೂಜೆಯ ಚೊಂಬು ಬೆಳಗಿದ ಹಾಗೆ ಬೆಳಗಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಹಿಡಿದು ಕೊಟ್ಟೆ. ಆ ಭಾನುವಾರ ನಾಟಕದವರು ನಮ್ಮ ಚಾಪೆಯ ಮೇಲೇ ಕೂತು ಮಾತಾಡಿದ ಹಾಗಿತ್ತು.

ಮುಂದಿನ ಹಬ್ಬಕ್ಕೆ ಮಾವ ಎಳನೀರು ಬಿಡುತ್ತಾರೆ ಎಂದೇ ಎಲ್ಲರೂ ತಿಳಿದಿದ್ದರು. ಬಿಡಲಿಲ್ಲ. ಒಂದು ತೆಂಗಿನ ಚಿಪ್ಪನ್ನು ಕಣ್ಣಿರುವ ಕಡೆಯ ಅರ್ಧ ನೋಡಿ ತಂದರು. ಕಣ್ಣನ್ನು ಕೊರೆದು ದೊಡ್ಡದು ಮಾಡಿ, ಏರಿಯಲ್ಲಿನ ಕಡ್ಡಿಯನ್ನು ಅದರೊಳಗೆ ತೂರಿಸಿ, ಬುಡಕ್ಕೆ ಟೋಪಿಯ ಹಾಗೆ ಕವುಚಿದರು. ಸುತ್ತ ಮೇಣ ಮೆತ್ತಿದರು. ಆಮೇಲೆ ಗೊನೆ ಇಳಿಸಿ ಹುಯ್ದರು. "ಪೂಜೆನೂ ಬುಡಬಾರ್ದು, ನಾಟ್ಕಾನೂ ಬುಡಬಾರ್ದು," ಎಂದರು. ಏರಿಯಲ್ಲಿಗೆ ಟೋಪಿ ಹಾಕಿದ ಆ ಕಾರನ್ನು ನೋಡಲು ದಬ್ಬೇಘಟ್ಟದಿಂದಲೂ ಜನ ಬಂದಿದ್ದರು.

ಅಂದಿನಿಂದ ಭಾನುವಾರದ ನಾಟಕಕ್ಕೆ ನನಗೆ ಚಾಪೆಯಲ್ಲ, ಹಿಂದಿನ ಸೀಟು. ಅತ್ತೆಯೂ ಪಕ್ಕದಲ್ಲಿ ಕೂರುತ್ತಿದ್ದರು. ಕಾವಲಿಗೆ ಅಂತ ಹೇಳಿಕೊಂಡು.

ಮಾವನದು ಇನ್ನೊಂದು ಕಟ್ಟುನಿಟ್ಟು ಇತ್ತು. ರೇಡಿಯೊ ಕೇಂದ್ರ ದೂರದ ಊರಿನದು, ಕೆಲವು ಸಲ ಮಾತು ಅರ್ಧಕ್ಕೆ ಅಳಿಸಿಹೋಗುತ್ತಿತ್ತು. ಆಗ ಚಾಪೆಯ ಮೇಲಿನವರು ಯಾರಾದರೂ, ಅವನು ಹೇಳಿದ್ದು ಹೀಗೆ, ಹೇಳಲು ಹೊರಟದ್ದು ಹಾಗೆ ಎಂದು ತುಂಬಿಸಲು ಹೋದರೆ ಮಾವನಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು.

"ಅವ್ನು ಹೇಳಕ್ಕೆ ಮುಂಚೆ ನೀನ್ಯಾಕ್ಲಾ ಹೇಳ್ತೀಯ? ನಿನ್ನ ಮಾತು ಕೇಳಕ್ಕೆ ರೇಡಿಯೊ ಯಾಕೆ ಬೇಕು? ಬಾಯಿ ಮುಚ್ಕಂಡು ಕೂತ್ಕೋ, ಅದೇ ಬತ್ತೈತೆ."

ಅದೇ ಬರುತ್ತಿತ್ತು ಕೂಡ.

ನನ್ನ ಮಗ ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಮಾವ ತೀರಿಕೊಂಡರು. ಕಾರು ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ನಿಂತೇ ಇತ್ತು. ಟಯರು ನೆಲಕ್ಕೆ ಇಳಿದವು. ಕೋಳಿಗಳು ಸೀಟಿನಲ್ಲಿ ಮೊಟ್ಟೆಯಿಟ್ಟವು. ಒಂದು ದಿನ ಗುಜರಿಯವರು ಬಂದು ಎಳೆದುಕೊಂಡು ಹೋದರು. ಆ ಕಡ್ಡಿಯೊಂದನ್ನು ನನಗೆ ಕೊಡಿ ಎಂದು ಕೇಳಬಹುದಾಗಿತ್ತು. ಕೇಳಲು ಬಾಯಿ ಬರಲಿಲ್ಲ. ಕಾರಿನ ಕಡ್ಡಿ ಇಟ್ಟುಕೊಂಡು ಏನು ಮಾಡುತ್ತೀಯ ಎಂದರೆ ಏನು ಹೇಳುವುದು...

ಅದಾಗಿ ಎಷ್ಟೋ ವರ್ಷಕ್ಕೆ ಸಿಂಚನ ಹುಟ್ಟಿದಳು. ಚುರುಕು ಹುಡುಗಿ. ಆದರೆ ಮಾತು ಶುರುವಾದ ಮೇಲೆ ಗೊತ್ತಾಯಿತು, ಮಗುವಿಗೆ ಉಗ್ಗು. "ಮ" ಬಂದರೆ ಮುಂದೆ ಹೋಗದು. "ಪ" ಬಂದರೆ ತುಟಿ ಅಂಟಿಕೊಂಡೇ ಇರುವುದು. ಆ ಮುಖ ಕೆಂಪಾಗುವುದನ್ನು ನೋಡಲಾರದೆ ಮನೆಯವರೆಲ್ಲ ಅವಳ ಮಾತನ್ನು ತಾವೇ ಮುಗಿಸುತ್ತಿದ್ದರು. ನಮ್ಮ ಯಜಮಾನರಂತೂ ಅವಳು ಬಾಯಿ ತೆರೆದ ಕೂಡಲೇ, "ಮೊಸರಾ? ಮಿಠಾಯಿಯಾ? ಮಾವಿನ್ಹಣ್ಣಾ?" ಎಂದು ಸಾಲಾಗಿ ಕೇಳುತ್ತಿದ್ದರು. ಪಾಪ, ಪ್ರೀತಿಯಿಂದಲೇ. ಮಗು ಬರಬರುತ್ತಾ ಮಾತನ್ನೇ ಬಿಟ್ಟು ಕೈ ತೋರಿಸಲು ಶುರು ಮಾಡಿತು.

ಒಂದು ದಿನ ಅದನ್ನು ನೋಡುತ್ತಾ ಕೂತಿದ್ದ ನನ್ನ ಬಾಯಿಂದ ಮಾವನ ಮಾತೇ ಬಂತು. "ಅವ್ಳು ಹೇಳಕ್ಕೆ ಮುಂಚೆ ನೀವ್ಯಾಕೆ ಹೇಳ್ತೀರಿ? ಬಾಯಿ ಮುಚ್ಕಂಡು ಕೂತ್ಕಳಿ, ಅದೇ ಬತ್ತೈತೆ." ಯಜಮಾನರು ನನ್ನ ಮುಖವನ್ನೇ ನೋಡಿದರು. ಅಷ್ಟು ವರ್ಷದಲ್ಲಿ ನಾನು ಅವರಿಗೆ ಹಾಗೆ ಅಂದಿರಲಿಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲಿ ಅವಳ ಮಾತನ್ನು ಯಾರೂ ಮುಗಿಸುವಂತಿರಲಿಲ್ಲ. ನಾನು ಅವಳನ್ನು ಅಟ್ಟಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ನಾನು ಕಾಯಿ ಅಲ್ಲಾಡಿಸುತ್ತಿದ್ದರೆ ಅವಳು ಶಾಲೆಯ ಪಾಠ ಗಟ್ಟಿಯಾಗಿ ಓದುತ್ತಿದ್ದಳು. ನಾನು ಕಿವಿ ಕೊಡುತ್ತಿದ್ದೆ. ಯಾವಾಗ ನಿಲ್ಲುತ್ತದೆ? ಕೆಳಗಿನಿಂದ ಯಾರಾದರೂ ಬೇಗ ಬಾ ಎಂದು ಕೂಗಿದರೆ ನಿಲ್ಲುತ್ತದೆ. ಹೊಸಬರು ಬಂದರೆ ನಿಲ್ಲುತ್ತದೆ. ಕರುವಿನ ಜೊತೆ ಮಾತಾಡುವಾಗ ಒಂದು ಸಲವೂ ನಿಲ್ಲುವುದಿಲ್ಲ. ಇದನ್ನು ಅವಳಿಗೂ ಹೇಳಿದೆ. "ನಿನ್ನ ನಾಲಗೆ ಕೆಟ್ಟಿಲ್ಲ ಕಣವ್ವ. ಅವಸರ ಬಂದ್ರೆ ಮಾತ್ರ ಅದು ಹೆದರ್ಕತ್ತೈತೆ." ಆಮೇಲೆ ತುಮಕೂರಿನಲ್ಲಿ ಇದಕ್ಕೆಂದೇ ಓದಿದ ಮೇಡಂ ಒಬ್ಬರ ಹತ್ತಿರವೂ ಹೋಗಿ ಬರುತ್ತಿದ್ದಳು. ಅವರು ಉಸಿರಾಡುವುದನ್ನು ಕಲಿಸಿದರು. ಉಗ್ಗು ಪೂರ್ತಿ ಹೋಗಿಲ್ಲ. ಆದರೆ ಅವಳು ಕೈ ತೋರಿಸುವುದು ನಿಂತು ಬಹಳ ಕಾಲವಾಯಿತು.

ಡಿಗ್ರಿ ಮುಗಿಸಿದವಳು ಒಂದು ಸಣ್ಣ ರೇಡಿಯೊ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಳು. ಸುತ್ತಲಿನ ಊರುಗಳಿಗೆ ಮಾತ್ರ ಕೇಳುವಂಥದ್ದು. ಅಲ್ಲಿ ಬೇರೆಯವರ ಮಾತನ್ನು ಜೋಡಿಸಿ ಕೊಡುವುದು ಅವಳ ಕೆಲಸ. ಮಾತಾಡಲು ಅವಳೇ ಮುಂದೆ ಹೋಗಿರಲಿಲ್ಲ. ನಿನ್ನೆ ಬೆಳಿಗ್ಗೆ ಕೇಂದ್ರದ ಹತ್ತಿರ ಬಸ್ಸು ಇಳಿದವಳೇ ಮನೆಗೆ ಫೋನು ಮಾಡಿದಳು. ಸಾಯಂಕಾಲದ ರೈತರ ಕಾರ್ಯಕ್ರಮ ಅವಳು ಮಾಡಬೇಕಂತೆ. ತೆಂಗಿನ ನುಸಿ ಪೀಡೆಯ ಬಗ್ಗೆ. ನೇರವಾಗಿ, ತಿದ್ದಲು ಆಗದ ಹಾಗೆ.

"ಅಜ್ಜಿ, ನಾನೇ ಕೇಳಿ ತಗೊಂಡಿದ್ದೀನಿ. ನೀನು ಕೂತು ಕೇಳ್ಬೇಕು. ಎಲ್ಲೆಲ್ಲಿ ನಿಂತೆ ಅಂತ ನೀನೇ ಹೇಳ್ಬೇಕು. ಅಪ್ಪ ಸುಳ್ಳು ಹೇಳ್ತಾರೆ, ಅಮ್ಮ ಅತ್ತುಬಿಡ್ತಾಳೆ, ತಾತ ಊರಿಗೆಲ್ಲ ಸಾರ್ತಾರೆ. ನೀನು ನಿಜ ಹೇಳಿದ್ರೆ ನಾಳೆಯಿಂದ ಮಾಡಬೇಕೋ ಬಿಡಬೇಕೋ ಅಂತ ನನಗೆ ಗೊತ್ತಾಗುತ್ತೆ."

"ಮೊಬೈಲಲ್ಲಿ ಬರಕಿಲ್ವಾ?"

"ಇಲ್ಲ ಅಜ್ಜಿ, ರೇಡಿಯೊದಲ್ಲೇ."

ಮನೆಯಲ್ಲಿ ಈಗ ರೇಡಿಯೊ ಎಲ್ಲಿದೆ? ಇರುವುದು ಮಗನ ಕಾರಿನಲ್ಲಿ ಒಂದೇ. ಅದೂ ಕಂಪನಿಯಿಂದ ಕಾರಿನ ಜೊತೆಯಲ್ಲೇ ಬಂದದ್ದು. ಮಗ ಯಾವಾಗಲೂ ಮೊಬೈಲಿನ ಹಾಡು ಹಾಕಿಕೊಳ್ಳುತ್ತಿದ್ದವನು, ನಿನ್ನೆ ಅಂಗಳದಲ್ಲಿ ರೇಡಿಯೊ ಹಾಕಿದ. ಕರಕರ! ಅದರ ಜೊತೆಗೆ ಕುಯ್ಯೋ ಎಂದು ಒಂದು ರಾಗ ಬೇರೆ.

ಈ ಸದ್ದಿನಲ್ಲಿ ಹುಡುಗಿಯ ಮಾತು ತುಂಡಾದರೆ, ತುಂಡು ಮಾಡಿದ್ದು ಅವಳ ನಾಲಗೆಯೋ ಕಾರಿನ ರೇಡಿಯೊವೋ ಎಂದು ಯಾರಿಗೆ ಗೊತ್ತಾಗಬೇಕು? ನಾನು ಅವಳಿಗೆ ಏನು ಹೇಳುವುದು?

"ಸೆಟ್ಟೇ ಹೋಗೈತೆ ಕಣವ್ವ," ಎಂದ ಮಗ. "ತಿಪಟೂರಿಗೆ ಹೋಗಿ ಹೊಸದು ಹಾಕ್ಸ್ಕಂಡು ಬತ್ತೀನಿ."

"ಅವ್ರು ಇವತ್ತು ಬುಟ್ಟು ನಾಳೆ ಬಾ ಅಂತಾರೆ. ಸೆಟ್ಟಿನ ಮಾತು ಆಮೇಲೆ. ಮೊದ್ಲು ನಾನು ಮುಂದೆ ಕೂತ್ಕತೀನಿ, ನೀನು ಒಂದೊಂದೇ ಆರಿಸು."

ಜಗುಲಿಯಿಂದ ಯಜಮಾನರು, "ನೋಡ್ಲಾ, ನಿಮ್ಮವ್ವ ಈಗ ಕಾರನ್ನೇ ಎತ್ತಿ ಕಿವಿ ಹತ್ರ ಅಲ್ಲಾಡಿಸ್ತಾಳೆ," ಎಂದರು. ಅನ್ನಲಿ. ನನಗೆ ಆಗಲೇ ಧೈರ್ಯ ಬಂದಿತ್ತು. ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದೆ.

ಎಂಜಿನ್ ಆರಿಸಿ ಬರೀ ರೇಡಿಯೊ ಇಟ್ಟಾಗ ಕುಯ್ಯೋ ನಿಂತಿತು, ಕರಕರ ಉಳಿಯಿತು. ಅಲ್ಲಿಗೆ ಕಳ್ಳರು ಇಬ್ಬರು ಎಂದಾಯಿತು. ಮತ್ತೆ ಎಂಜಿನ್ ಹಾಕಿಸಿದೆ. ಆಕ್ಸಿಲೇಟರ್ ತುಳಿದ ಹಾಗೆಲ್ಲ ಕುಯ್ಯೋ ಮೇಲೇರುತ್ತಿತ್ತು. ಅಲ್ಲೇ ಮೊಬೈಲು ಚಾರ್ಜಿಗೆ ಹಾಕುವ ಒಂದು ಸಣ್ಣ ಬಿರಡೆ ಸಿಕ್ಕಿಸಿತ್ತು. ಅದನ್ನು ಕೀಳು ಎಂದೆ. ಕಿತ್ತ ಕೂಡಲೇ ಆ ರಾಗ ನಿಂತುಹೋಯಿತು! ಮಗ ಮತ್ತೆ ಸಿಕ್ಕಿಸಿದ, ಮತ್ತೆ ರಾಗ. ಮತ್ತೆ ಕಿತ್ತ.

"ಸಂತೇಲಿ ತಗಂಡಿದ್ದು ಕಣವ್ವ ಇದು," ಎಂದು ಅದನ್ನು ಬೇಲಿಯಾಚೆಗೆ ಎಸೆದ.

ಒಬ್ಬ ಕಳ್ಳ ಸಿಕ್ಕಿದ. ಇನ್ನೊಬ್ಬ ಉಳಿದ. ಫ್ಯಾನು ಆರಿಸಿದರೆ ಕರಕರ. ದೀಪ ಆರಿಸಿದರೆ ಕರಕರ. ವೈಪರು ಆಡಿಸಿದರೂ ನಿಲ್ಲಿಸಿದರೂ ಅದೇ ಕರಕರ. ಈ ಕಾರಿನ ಏರಿಯಲ್ಲು ಮೂತಿಯ ಮೇಲಿಲ್ಲ, ನೆತ್ತಿಯ ಮೇಲೆ ಒಂದು ಗೇಣುದ್ದದ ಬಾಲದ ಹಾಗಿದೆ. ಸೊಸೆಯನ್ನು ಕರೆದು, ಸ್ಟೂಲು ಹತ್ತಿ ಅದನ್ನು ಮೆಲ್ಲಗೆ ಅಲ್ಲಾಡಿಸವ್ವ ಎಂದೆ. ಅವಳು ಮುಟ್ಟಿದ್ದೇ ತಡ... ಸಾಸಿವೆ ಸಿಡಿದ ಆ ಸದ್ದು! ಅಷ್ಟು ವರ್ಷವಾದರೂ ನನ್ನ ಕಿವಿ ಅದನ್ನು ಮರೆತಿರಲಿಲ್ಲ.

ಮಗ ತಿರುಗಿಸಿ ಬಿಚ್ಚಿದ. ಬುಡದ ತುಂಬ ಹಸಿರು ಕಿಲುಬು. ಅದೇ ಅಂಟು.

ಯಾರೂ ಏನೂ ಹೇಳಬೇಕಾಗಿರಲಿಲ್ಲ. ಕಾರು ತಂದಾಗಿನಿಂದ ಪ್ರತಿ ಆಯುಧಪೂಜೆಗೂ ನೆತ್ತಿಯ ಮೇಲೆ ಎಳನೀರು ಸುರಿಯುತ್ತಿದ್ದವರು ಜಗುಲಿಯಿಂದ ಎದ್ದು ಬಂದು ಬಗ್ಗಿ ನೋಡಿದರು.

"ನಾನು ಹುಯ್ದಿದ್ದೇ ಸರಿ. ಪಕ್ಕದ ತೋಟದ ಮಾವ ಹುಯ್ತಿರ್ಲಿಲ್ವಾ?" ಎಂದರು ನಮ್ಮ ಯಜಮಾನರು.

"ಮಾವ ಚಿಪ್ಪು ಕವುಚಿ ಹುಯ್ತಿದ್ರು," ಎಂದೆ.

"ಅದು ಅಂದಕ್ಕೆ ಅಂತ ಅಲ್ವಾ?"

ನಗು ತಡೆಯಲಾಗಲಿಲ್ಲ. ನೋಡಿ, ಎಳನೀರು ಹುಯ್ಯುವುದನ್ನು ಮಾವನಿಂದ ಊರೆಲ್ಲ ಕಲಿತಿತ್ತು. ಇವತ್ತಿಗೂ ನಮ್ಮೂರಿನಲ್ಲಿ ಟ್ರ್ಯಾಕ್ಟರಿನಿಂದ ಹಿಡಿದು ಸ್ಕೂಟರಿನವರೆಗೆ ಎಲ್ಲಕ್ಕೂ ಎಳನೀರೇ. ಚಿಪ್ಪು ಯಾಕೆ ಎಂದು ಮಾತ್ರ ಯಾರೂ ಕೇಳಿಕೊಂಡಿರಲಿಲ್ಲ.

ಸೊಸೆ ಹುಣಸೆಹಣ್ಣು ತಂದಳು. ಅಂಗಳದಲ್ಲಿ ಕಾಲು ಚಾಚಿ ಕೂತು ಕಡ್ಡಿಯ ತಿರುಪನ್ನು ಬೆಳಗಿದೆ. ನೆತ್ತಿಯ ಮೇಲಿನ ಬುಡವನ್ನು ಮಗ, ನಾನು ಹೇಳಿದ ಹಾಗೆ, ಬಟ್ಟೆಗೆ ಹುಣಸೆಹಣ್ಣು ಸುತ್ತಿ ಒರೆಸಿದ. ಹುಳಿ ಉಳಿಯಬಾರದು ಎಂದು ಮತ್ತೆ ಮತ್ತೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಕೊಬ್ಬರಿ ಎಣ್ಣೆ ಹಚ್ಚಲೇ ಎಂದ. ಬೇಡ ಎಂದೆ. ಮಾವ ಹಚ್ಚಿ ನೋಡಿದ್ದರು, ಎಣ್ಣೆಗೆ ಧೂಳು ಕೂತು ಮತ್ತೆ ಅದೇ ಪಾಡಾಗಿತ್ತು. ಬಿಗಿಯಾಗಿ ತಿರುಗಿಸಿ ಕೂರಿಸಿದ. ರೇಡಿಯೊ ಹಾಕಿದೆವು. ಕರಕರ ಇಲ್ಲ. ದೂರದಲ್ಲಿ ಗಾಳಿ ಬೀಸಿದ ಹಾಗೆ ಒಂದು ಸಣ್ಣ ಸೊಯ್ ಮಾತ್ರ.

"ಇದು ನಮ್ಮ ಕಾರಿಂದಲ್ಲ," ಎಂದೆ. "ಕೇಂದ್ರ ದೂರ, ನಾವು ತಗ್ಗಲ್ಲಿದ್ದೀವಿ. ಎತ್ತರಕ್ಕೆ ನಡೀರಿ."

ಹಾಗೆ ನಾವು ಕೆರೆ ಏರಿಗೆ ಹೋದದ್ದು. ಏರಿ ಹತ್ತಿದ ಹಾಗೆ ಸೊಯ್ ಕರಗುತ್ತಾ ಕರಗುತ್ತಾ ಹೋಯಿತು. ಬಿಸಿಲು ಇಳಿದಿತ್ತು. ಆಡು ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ನಾಲ್ಕು ಬಾಗಿಲು ತೆಗೆದ ಕಾರು ನೋಡಿ, "ಏನ್ರೀ, ಕೆಟ್ಟೋಯ್ತಾ?" ಎಂದ. "ಸರಿಹೋಯ್ತು ಕಣಪ್ಪ, ನಿಂತ್ಕೊ," ಎಂದರು ಯಜಮಾನರು.

ಸಿಂಚನ ಬಂದಳು. "ರೈತ ಬಾಂಧವರಿಗೆ ನಮಸ್ಕಾರ" ಎಂದಳು. ಸೊಸೆ ಅಲ್ಲಿಗೇ ಸೆರಗು ಬಾಯಿಗೆ ಒತ್ತಿಕೊಂಡಳು. ಎಂಥ ಗಂಟಲು ನಮ್ಮ ಹುಡುಗಿಯದು! ಮನೆಯಲ್ಲಿ ದಿನಾ ಕೇಳುವ ಗಂಟಲೇ, ಆದರೂ ತೊಳೆದಿಟ್ಟ ಹಾಗಿತ್ತು. ನುಸಿ ಹೇಗೆ ಕಾಯಿಯ ತೊಟ್ಟಿನಡಿ ಸೇರುತ್ತದೆ, ಬೇವಿನ ಎಣ್ಣೆ ಹೇಗೆ ಬೆರೆಸಬೇಕು, ಎಲ್ಲ ಹೇಳುತ್ತಾ ಹೋದಳು. ಎಳೇ ಮಿಡಿ ಉದುರುವುದನ್ನು ಹೇಳುವಾಗ "ಮಿ" ಎಂಬಲ್ಲಿ ನಿಂತಳು.

ರೇಡಿಯೊ ಮೌನವಾಯಿತು. ಶುದ್ಧವಾದ ಮೌನ. ಒಂದು ಕರಕರವಿಲ್ಲ, ಒಂದು ಸೊಯ್ ಇಲ್ಲ. ಅದು ಅವಳದೇ ನಿಲುಗಡೆ, ಬೇರೆ ಯಾರದೂ ಅಲ್ಲ. ಪಕ್ಕದಲ್ಲಿ ಯಜಮಾನರ ತುಟಿ ಆಡಿತು. "ಮಿಡಿ" ಎಂದು ಬಾಯಿಗೆ ಬಂದದ್ದು ನನಗೆ ಕಂಡಿತು. ಅವರ ಕೈ ಹಿಡಿದು ಅದುಮಿದೆ. ತುಟಿ ಮುಚ್ಚಿಕೊಂಡರು.

"ಮಿಡಿಗಾಯಿ," ಎಂದಳು ಸಿಂಚನ. ಅವಸರವಿಲ್ಲದೆ. ಮುಂದಕ್ಕೆ ಹೋದಳು.

ಅದೇ ಬರುತ್ತದೆ ಎಂದು ಎದೆ ತಟ್ಟಿ ಹೇಳುತ್ತಿದ್ದ ಮನುಷ್ಯ ಈ ಹುಡುಗಿಯನ್ನು ನೋಡಲಿಲ್ಲ. ಅವರಿಗೆ ಇವಳ ಹೆಸರೂ ಗೊತ್ತಿಲ್ಲ. ಬೇಲಿಯ ಆಚೆ ಈಗ ಅವರ ಮನೆಯವರು ಯಾರೂ ಇಲ್ಲ, ತೋಟ ಬೇರೆಯವರದಾಗಿದೆ. ಅವರ ಗಂಟಲನ್ನು ನೆನಪಿಟ್ಟುಕೊಂಡವರು ಊರಿನಲ್ಲಿ ನಾನು, ನಮ್ಮ ಯಜಮಾನರು, ಇನ್ನು ಯಾರೋ ಒಬ್ಬಿಬ್ಬರು. ನಾವೂ ಹೋದ ಮೇಲೆ... ಇರಲಿ. ಏರಿಯ ಮೇಲೆ ಕೂತು ಕೇಳುವಾಗ ನನಗೆ ದುಃಖವೂ ಆಯಿತು. ಸಂತೋಷ ಅದಕ್ಕಿಂತ ದೊಡ್ಡದಾಗಿತ್ತು.

ರಾತ್ರಿ ಊಟದ ಹೊತ್ತಿಗೆ ಸಿಂಚನ ಬಸ್ಸಿಳಿದು ಬಂದಳು. ಸೊಸೆ ಅಷ್ಟರಲ್ಲಿ ಕಾಯಿ ಹೋಳಿಗೆಗೆ ಹೂರಣ ರುಬ್ಬಿದ್ದಳು. ಮುದ್ದೆ, ಹುರುಳಿ ಕಾಳಿನ ಸಾರು, ಹೋಳಿಗೆ, ತುಪ್ಪ. ಪಡಸಾಲೆಯಲ್ಲಿ ಎಲ್ಲರೂ ಒಟ್ಟಿಗೆ ಕೂತೆವು. ನಾನೇ ಬಡಿಸುತ್ತೇನೆ ಎಂದ ಸೊಸೆಯನ್ನೂ ಎಳೆದು ಕೂರಿಸಿದೆವು.

"ಒಂದ್ಕಡೆನೂ ನಿಲ್ಲಲಿಲ್ಲ ಕಣವ್ವ, ನೀರು ಹರಿದಂಗೆ ಹರೀತು," ಎಂದ ಮಗ.

ಸಿಂಚನ ಅವನ ಕಡೆ ತಿರುಗಲೂ ಇಲ್ಲ. ನನ್ನನ್ನೇ ನೋಡುತ್ತಿದ್ದಳು. ಮುದ್ದೆ ಮುರಿದಿರಲಿಲ್ಲ. "ಅಜ್ಜಿ?"

"ಎರಡು ಕಡೆ ನಿಂತೆ," ಎಂದೆ.

ಮಗ ನನ್ನನ್ನು ದುರುಗುಟ್ಟಿ ನೋಡಿದ.

"ಎಲ್ಲೆಲ್ಲಿ?"

"ಮಿಡಿಗಾಯಿ ಅನ್ನೋವಾಗ ಒಂದು. ಕೊನೆಗೆ ಎಣ್ಣೆ ಹೊಡೆಯೋ ಪಂಪಿನ ವಿಷಯ ಬಂತಲ್ಲ, ಅಲ್ಲಿ ಒಂಚೂರು. ಎರಡೂ ನಿಂದೇ. ರೇಡಿಯೊದ್ದಲ್ಲ."

"ಅಷ್ಟೇನಾ?"

"ಅಷ್ಟೇ. ನನ್ನ ಕಿವಿ ಮೇಲೆ ಆಣೆ."

ಹುಡುಗಿ ಬಗ್ಗಿ ಎಲೆಯ ಅಂಚನ್ನು ಸರಿಮಾಡಿಕೊಂಡಳು. ಆಮೇಲೆ ಮುಖ ಎತ್ತಿದಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. "ನಾನು ಹತ್ತು ಸಲ ನಿಂತೆ ಅಂದ್ಕೊಂಡಿದ್ದೆ ಅಜ್ಜಿ. ಬಸ್ಸಲ್ಲಿ ಪೂರ್ತಿ ದಾರಿ ಅದನ್ನೇ ಎಣಿಸ್ಕೊಂಡು ಬಂದೆ. ಉಳಿದದ್ದೆಲ್ಲ ಹೊರಗೆ ಕೇಳಲೇ ಇಲ್ವಾ?"

"ಕೇಳಲೇ ಇಲ್ಲ ಕಣೇ. ಅವೆಲ್ಲ ನಿನ್ನೊಳಗೇ ಉಳಕಂಡ್ವು."

"ಹಂಗಾದ್ರೆ ನಾಳೆನೂ ಮ... ಮಾಡ್ತೀನಿ," ಎಂದಳು. ಯಾರೂ ಆ ಮಾತನ್ನು ಮುಗಿಸಿಕೊಡಲು ಹೋಗಲಿಲ್ಲ. ತಾತನವರು ಕೂಡ. ಅವಳು ಮುದ್ದೆ ಮುರಿದು ಸಾರಿಗೆ ಅದ್ದಿದಳು. ಆಮೇಲೆ ನಾವೂ ಉಣ್ಣಲು ಶುರು ಮಾಡಿದೆವು.